ಗಣಿತ ಕಷ್ಟ, ಆದರೂ ಮಾಸ್ಟರ್ಸ್ ಮಾಡಲೇಬೇಕು: ಜಿಆರ್‌ಇ ಬರೆಯಲಾ, ಜಿಮ್ಯಾಟ್ ಬರೆಯಲಾ?

ಅರ್ಧವಿರಾಮ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನಗೆ 31 ವರ್ಷ. ಡಿಗ್ರಿಯಲ್ಲಿ ಓದಿದ್ದು ಸಾಹಿತ್ಯ. ಒಂಬತ್ತು ವರ್ಷದಿಂದ ಆರೋಗ್ಯ ಯೋಜನೆಗಳ ವರದಿ ಬರೆಯುವ, ತಿದ್ದುವ ಕೆಲಸ ಮಾಡುತ್ತಿದ್ದೇನೆ. ಬೇರೆಯವರು ಸಿದ್ಧ ಮಾಡಿ ಕೊಟ್ಟ ಕೋಷ್ಟಕ, ನಕ್ಷೆಗಳನ್ನು ನೋಡಿ ಅವು ಏನು ಹೇಳುತ್ತಿವೆ ಅಂತ ಓದುವವರಿಗೆ ತಿಳಿಯುವ ಹಾಗೆ ಬರೆಯಬೇಕು. ಅದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಆ ಅಂಕಿ ಹೇಗೆ ಬಂತು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಹೋದ ವರ್ಷ ಒಂದು ಸಭೆಯಲ್ಲಿ, "ಈ ಇಳಿಕೆ ನಿಮ್ಮ ಯೋಜನೆಯಿಂದಲೇ ಆಯಿತು ಅಂತ ಹೇಗೆ ಹೇಳ್ತೀರಿ? ಎಲ್ಲಾ ಕಡೆಯೂ ಇಳಿದಿರಬಹುದಲ್ಲ?" ಅಂತ ಒಬ್ಬರು ಕೇಳಿದರು. ವರದಿ ಬರೆದವಳು ನಾನು, ಉತ್ತರ ಕೊಡಬೇಕಾದವಳೂ ನಾನೇ. ಪಕ್ಕದಲ್ಲಿದ್ದವರ ಮುಖ ನೋಡಿದೆ. ಅವತ್ತು ರಾತ್ರಿಯೇ ಸಾರ್ವಜನಿಕ ನೀತಿಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಆರು ಕೋರ್ಸುಗಳ ಪಟ್ಟಿ ಮಾಡಿದ್ದೇನೆ: ನಾಲ್ಕು ಪಬ್ಲಿಕ್ ಪಾಲಿಸಿ, ಎರಡು ಎಂಬಿಎ.

ಅಡ್ಡಿ ಇರುವುದು ಜಿಆರ್‌ಇ, ಜಿಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಗಳಲ್ಲಿ. ಹತ್ತನೇ ತರಗತಿ ಮುಗಿದ ಮೇಲೆ ನಾನು ಲೆಕ್ಕದ ಪುಸ್ತಕ ಮುಟ್ಟಿಲ್ಲ. ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವಾಗ ಯಾವುದನ್ನು ತಲೆಕೆಳಗು ಮಾಡಬೇಕು ಅನ್ನುವುದೂ ಮರೆತಿತ್ತು. ಮೊನ್ನೆ ಭಾನುವಾರ ಧೈರ್ಯ ಮಾಡಿ ಒಂದು ಮಾದರಿ ಪ್ರಶ್ನೆ ತೆಗೆದೆ. ಒಂದು ವಸ್ತುವಿನ ಬೆಲೆ ಶೇಕಡಾ 20 ಏರಿ, ಮತ್ತೆ ಶೇಕಡಾ 20 ಇಳಿದರೆ ಕೊನೆಗೆ ಎಷ್ಟು? ಮೊದಲಿದ್ದಷ್ಟೇ ಅಂತ ಬರೆದೆ. ಉತ್ತರ 96 ಅಂತಿತ್ತು, ಅಂದರೆ ಶೇಕಡಾ 4 ಕಡಿಮೆ. ಯಾಕೆ ಅಂತ ಹೊಳೆಯುವುದಕ್ಕೆ ಹತ್ತು ನಿಮಿಷ ಬೇಕಾಯಿತು. 100 ಏರಿ 120 ಆಯಿತು, ಇಳಿಯುವಾಗ 20 ಪರ್ಸೆಂಟ್ ಲೆಕ್ಕ ಹಾಕುವುದು 120ರ ಮೇಲೆ, ಅದು 24. ಗೊತ್ತಾದ ಮೇಲೆ ಖುಷಿಯಾಗುವ ಬದಲು ಅಳು ಬಂತು. ಇಂಥದ್ದೇ ಎಷ್ಟು ತಪ್ಪು ವಾಕ್ಯಗಳನ್ನು ವರದಿಗಳಲ್ಲಿ ಹಾಗೇ ಬಿಟ್ಟಿದ್ದೇನೋ ಅನ್ನಿಸಿತು.

ನಾಲ್ಕು ರಾತ್ರಿ ಕೂತು ಎರಡೂ ಪರೀಕ್ಷೆಗಳ ಬಗ್ಗೆ ಓದಿದೆ. ಒಬ್ಬರು "ಜಿಆರ್‌ಇಯಲ್ಲಿ ಕ್ಯಾಲ್ಕುಲೇಟರ್ ಕೊಡ್ತಾರೆ, ಕಣ್ಣು ಮುಚ್ಚಿಕೊಂಡು ಅದನ್ನೇ ಬರಿ" ಅನ್ನುತ್ತಾರೆ. ಇನ್ನೊಬ್ಬರು "ಜಿಮ್ಯಾಟ್‌ನಲ್ಲಿ ಈಗ ರೇಖಾಗಣಿತವೇ ಇಲ್ಲ, ಅರ್ಧ ಭಾರ ಇಳಿದ ಹಾಗೆ" ಅನ್ನುತ್ತಾರೆ. ಎರಡೂ ನಿಜವೇ. ಆದರೆ ನನ್ನಂಥವರಿಗೆ ಯಾವುದು ಅಂತ ಯಾರೂ ಹೇಳುತ್ತಿಲ್ಲ. ಇಂಗ್ಲಿಷ್ ಓದುವುದು ಬರೆಯುವುದು ನನಗೆ ಕಷ್ಟವಲ್ಲ. ಗಣಿತದಲ್ಲಿ ಕಡಿಮೆ ಬಂದರೆ ಅರ್ಜಿ ಅಲ್ಲಿಗೇ ನಿಂತುಬಿಡುತ್ತದಾ? ಕೆಲಸ ಬಿಡದೆ ಎಷ್ಟು ತಿಂಗಳು ಬೇಕಾಗಬಹುದು?

ಕಿಟಕಿ ಪಕ್ಕ

ಮೊದಲು ನಿಮ್ಮ ಆರು ಕೋರ್ಸುಗಳ ಪ್ರವೇಶ ಪುಟ ತೆರೆದು ಒಂದೊಂದಾಗಿ ನೋಡಿ. ಪಬ್ಲಿಕ್ ಪಾಲಿಸಿಯವರು ಸಾಮಾನ್ಯವಾಗಿ ಕೇಳುವುದು ಜಿಆರ್‌ಇ. ಕೆಲವರು ಜಿಮ್ಯಾಟ್ ಕೂಡ ಒಪ್ಪುತ್ತಾರೆ, ಕೆಲವರು ಪರೀಕ್ಷೆಯನ್ನೇ ಐಚ್ಛಿಕ ಮಾಡಿದ್ದಾರೆ. ಎಂಬಿಎ ಕಡೆ ಬಹುತೇಕ ಕಾಲೇಜುಗಳಿಗೆ ಎರಡೂ ನಡೆಯುತ್ತದೆ. ಆರರಲ್ಲಿ ಒಂದೇ ಒಂದು ಕೋರ್ಸು ಜಿಮ್ಯಾಟ್ ಬೇಡ ಅಂದರೂ ಚರ್ಚೆ ಅಲ್ಲಿಗೆ ಮುಗಿಯಿತು. ಎರಡು ಪರೀಕ್ಷೆಗೆ ಒಟ್ಟಿಗೆ ಓದುವ ಯೋಚನೆ ಮಾತ್ರ ಮಾಡಬೇಡಿ. ಕೆಲಸ ಮಾಡಿಕೊಂಡು ಓದುವವರಿಗೆ ಅದು ಆಗುವ ಮಾತಲ್ಲ.

ಹಳೇ ಸ್ಲೇಟು

ಅರ್ಧವಿರಾಮ ಅವರೇ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಎರಡೂ ಬರೆದವಳು. ಮೊದಲು ಜಿಮ್ಯಾಟ್, ಆಮೇಲೆ ಜಿಆರ್‌ಇ. ಓದಿದ್ದು ಇತಿಹಾಸ.

"ಗಣಿತ ಕಷ್ಟ" ಅನ್ನುವ ಒಂದೇ ಮಾತಿನೊಳಗೆ ಮೂರು ನಾಲ್ಕು ಬೇರೆ ಬೇರೆ ಕಷ್ಟಗಳು ಅಡಗಿ ಕೂತಿರುತ್ತವೆ. ನಿಯಮ ಮರೆತುಹೋಗಿರುವುದು ಒಂದು. ನಿಯಮ ಗೊತ್ತು, ಆದರೆ ಕೂಡಿ ಕಳೆಯುವಾಗ ಕೈ ತಪ್ಪುವುದು ಇನ್ನೊಂದು. ಗಡಿಯಾರ ಓಡುತ್ತಿದ್ದರೆ ತಲೆಯೇ ಓಡದಿರುವುದು ಮತ್ತೊಂದು. ಪ್ರಶ್ನೆ ಏನು ಕೇಳುತ್ತಿದೆ ಅನ್ನುವುದೇ ಹಿಡಿತಕ್ಕೆ ಸಿಗದಿರುವುದು ಇನ್ನೂ ಬೇರೆ. ಯಾವ ಪರೀಕ್ಷೆಯ ಗಣಿತ ಸುಲಭ ಅಂತ ಹುಡುಕುತ್ತಾ ಹೋದರೆ ಉತ್ತರ ಸಿಗುವುದಿಲ್ಲ. ನಿಮ್ಮದು ಇವುಗಳಲ್ಲಿ ಯಾವ ಕಷ್ಟ ಅಂತ ಗೊತ್ತಾದರೆ ಪರೀಕ್ಷೆ ತಾನಾಗಿಯೇ ಆರಿಸಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನಾನು ಏಳು ತಿಂಗಳು ಕಳೆದುಕೊಂಡೆ.

ನನ್ನ ಕಷ್ಟ ಗಡಿಯಾರದ್ದು. ಜಿಮ್ಯಾಟ್‌ನಲ್ಲಿ ಪ್ರಶ್ನೆಯಿಂದ ಪ್ರಶ್ನೆಗೆ ಮಟ್ಟ ಬದಲಾಗುತ್ತದೆ. ನೀವು ಸರಿ ಮಾಡಿದ್ದೀರೋ ತಪ್ಪು ಮಾಡಿದ್ದೀರೋ ನೋಡಿಕೊಂಡು ಮುಂದಿನದನ್ನು ಕೊಡುತ್ತದೆ. ಉತ್ತರ ಗುರುತು ಮಾಡದೆ ಮುಂದೆ ಹೋಗಲು ಬಿಡುವುದಿಲ್ಲ. ನಾನು ಮೂರನೇ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡೆ. ಎರಡು ಕೊಳಾಯಿ, ಒಂದು ತೊಟ್ಟಿ, ಅಂಥದ್ದೇ ಲೆಕ್ಕ. ಬಿಡಲು ಮನಸ್ಸಾಗಲಿಲ್ಲ, ಐದು ನಿಮಿಷ ಹೋಯಿತು. ಆಮೇಲೆ ಸ್ವಲ್ಪ ಸುಲಭದ ಪ್ರಶ್ನೆ ಬಂತು. "ಓ, ಹಿಂದಿನದು ತಪ್ಪಾಗಿದೆ, ಅದಕ್ಕೇ ಇದು" ಅಂತ ಮನಸ್ಸು ಲೆಕ್ಕ ಹಾಕಲು ಶುರು ಮಾಡಿತು. ಹಾಕಬೇಕಾದ ಲೆಕ್ಕ ಬಿಟ್ಟು ಅದೊಂದನ್ನೇ ಹಾಕುತ್ತಾ ಕೂತೆ. ಕೊನೆಯ ನಾಲ್ಕು ಪ್ರಶ್ನೆ ಮುಟ್ಟಲೇ ಇಲ್ಲ. ಮುಟ್ಟದೆ ಬಿಟ್ಟರೆ ಜಿಮ್ಯಾಟ್‌ನಲ್ಲಿ ಅಂಕ ಚೆನ್ನಾಗಿಯೇ ಕತ್ತರಿಸುತ್ತದೆ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ಒಂದು ಅನುಕೂಲ ಸೇರಿದೆ: ಗುರುತು ಹಾಕಿಟ್ಟುಕೊಂಡು, ವಿಭಾಗದ ಕೊನೆಯಲ್ಲಿ ಸಮಯ ಉಳಿದಿದ್ದರೆ ಮೂರು ಉತ್ತರಗಳನ್ನು ಬದಲಾಯಿಸಬಹುದು. ನನ್ನಂಥವಳಿಗೆ ಸಮಯ ಉಳಿಯುವುದೇ ಅನುಮಾನ.

ಜಿಆರ್‌ಇಯಲ್ಲಿ ಮಟ್ಟ ಬದಲಾಗುವುದು ವಿಭಾಗದಿಂದ ವಿಭಾಗಕ್ಕೆ. 2023ರ ಸೆಪ್ಟೆಂಬರ್‌ನಿಂದ ಅದು ಗಿಡ್ಡವಾಗಿದೆ, ಒಟ್ಟು 1 ಗಂಟೆ 58 ನಿಮಿಷ. ಗಣಿತ ಎರಡು ಭಾಗ: ಮೊದಲು 21 ನಿಮಿಷಕ್ಕೆ 12 ಪ್ರಶ್ನೆ, ಆಮೇಲೆ 26 ನಿಮಿಷಕ್ಕೆ 15. ಮೊದಲ ಭಾಗ ಹೇಗೆ ಮಾಡಿದ್ದೀರಿ ಅನ್ನುವುದರ ಮೇಲೆ ಎರಡನೆಯದರ ಮಟ್ಟ. ಒಂದು ಭಾಗದೊಳಗೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಓಡಾಡಬಹುದು. ಕಷ್ಟ ಅನ್ನಿಸಿದ್ದಕ್ಕೆ ಗುರುತು ಹಾಕಿ ಬಿಟ್ಟು, ಬರುವುದನ್ನೆಲ್ಲ ಮುಗಿಸಿ, ವಾಪಸ್ ಬರಬಹುದು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಈ "ಬಿಟ್ಟು ಹೋಗಿ ಬರುವ" ಸ್ವಾತಂತ್ರ್ಯವೇ ನನ್ನನ್ನು ದಡ ಸೇರಿಸಿತು. ಒಂದು ವಿಷಯ ಮಾತ್ರ ಗೊತ್ತಿರಲಿ: ಜಿಆರ್‌ಇಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಸುಮಾರು 1 ನಿಮಿಷ 45 ಸೆಕೆಂಡ್. ಜಿಮ್ಯಾಟ್ ಕ್ವಾಂಟ್‌ನಲ್ಲಿ, ಅಂದರೆ ಅದರ ಗಣಿತ ವಿಭಾಗದಲ್ಲಿ, 45 ನಿಮಿಷಕ್ಕೆ 21 ಪ್ರಶ್ನೆ, ಅಂದರೆ 2 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಕಾಗದದ ಮೇಲೆ ಜಿಮ್ಯಾಟ್ ಧಾರಾಳಿ. ಆದರೆ ಅದರ ಪ್ರಶ್ನೆಗಳನ್ನು ಬಿಡಿಸಿಕೊಳ್ಳಲು ಹಿಡಿಯುವ ಸಮಯವೂ ಹೆಚ್ಚು.

ಕ್ಯಾಲ್ಕುಲೇಟರ್ ಬಗ್ಗೆ ಹೇಳಲೇಬೇಕು. ಜಿಆರ್‌ಇ ಗಣಿತದಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ನಿಜ. ಜಿಮ್ಯಾಟ್ ಕ್ವಾಂಟ್‌ನಲ್ಲಿ ಇಲ್ಲ, ಕೋಷ್ಟಕ, ನಕ್ಷೆ ಓದುವ ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿ ಮಾತ್ರ ಇದೆ. ಆದರೆ ಜಿಆರ್‌ಇ ಪ್ರಶ್ನೆಗಳನ್ನು ರೂಪಿಸಿರುವ ರೀತಿ ನೋಡಿ. ಅದರಲ್ಲಿ ಹೋಲಿಕೆಯ ಪ್ರಶ್ನೆಗಳು ಬರುತ್ತವೆ. ಎಡಕ್ಕೊಂದು ಮೊತ್ತ, ಬಲಕ್ಕೊಂದು ಮೊತ್ತ. ಎಡದ್ದು ದೊಡ್ಡದು, ಬಲದ್ದು ದೊಡ್ಡದು, ಎರಡೂ ಸಮ, ಹೇಳಲು ಸಾಧ್ಯವಿಲ್ಲ, ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಎಡದಲ್ಲಿ 48 × 52, ಬಲದಲ್ಲಿ 49 × 51 ಅಂತ ಇಟ್ಟುಕೊಳ್ಳಿ. ಕ್ಯಾಲ್ಕುಲೇಟರ್ ತೆರೆದು ಒತ್ತುತ್ತಾ ಕೂತರೆ ಅರ್ಧ ನಿಮಿಷ. ಎರಡೂ 50ರ ಅಕ್ಕಪಕ್ಕದವು ಅಂತ ಕಂಡರೆ, ಮೊದಲನೆಯದು 2500ರಲ್ಲಿ 4 ಕಳೆದದ್ದು, ಎರಡನೆಯದು 1 ಕಳೆದದ್ದು. ಬಲದ್ದು ದೊಡ್ಡದು, ಐದು ಸೆಕೆಂಡಿನ ಕೆಲಸ. ಇನ್ನೊಂದು ನೋಡಿ: ಎಕ್ಸ್ ಒಂದಕ್ಕಿಂತ ಕಡಿಮೆ. ಎಡದಲ್ಲಿ ಎಕ್ಸ್‌ನ ವರ್ಗ, ಬಲದಲ್ಲಿ ಬರೀ ಎಕ್ಸ್. ಅರ್ಧ ಅಂತ ಹಾಕಿದರೆ ಬಲದ್ದು ದೊಡ್ಡದು, ಏಕೆಂದರೆ ಅರ್ಧದ ವರ್ಗ ಕಾಲು. ಹೆಚ್ಚಿನವರು ಅಲ್ಲೇ ಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ಒಂದಕ್ಕಿಂತ ಕಡಿಮೆ ಅಂದರೆ ಮೈನಸ್ 2 ಕೂಡ ಆಗಬಹುದಲ್ಲ? ಆಗ ವರ್ಗ 4, ಎಡದ್ದು ದೊಡ್ಡದು. ಸೊನ್ನೆ ಹಾಕಿದರೆ ಎರಡೂ ಸಮ. ಉತ್ತರ: ಹೇಳಲು ಸಾಧ್ಯವಿಲ್ಲ. ಇಲ್ಲಿ ಕ್ಯಾಲ್ಕುಲೇಟರ್ ಏನೂ ಮಾಡಲಾರದು. ಸೊನ್ನೆ, ಋಣ ಸಂಖ್ಯೆ, ಭಿನ್ನರಾಶಿ ಈ ಮೂರನ್ನೂ ಹಾಕಿ ನೋಡುವ ಅಭ್ಯಾಸ ನನಗೆ ಬರಲು ಒಂದು ತಿಂಗಳು ಹಿಡಿಯಿತು. ಬಂದ ಮೇಲೆ ಇಂಥ ಪ್ರಶ್ನೆಗಳು ಆಟದ ಹಾಗೆ ಆದವು.

ನೀವು ಈಗಲೇ ತೀರ್ಮಾನ ಮಾಡಬೇಡಿ. ಜಿಆರ್‌ಇ ನಡೆಸುವ ಇಟಿಎಸ್‌ನವರು ಪವರ್‌ಪ್ರೆಪ್ ಹೆಸರಿನಲ್ಲಿ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ. ಜಿಮ್ಯಾಟ್‌ನವರೂ ಎರಡು ಉಚಿತವಾಗಿ ಕೊಡುತ್ತಾರೆ. ಒಂದು ವಾರ ಅಂತರ ಬಿಟ್ಟು ಒಂದೊಂದು ಬರೆಯಿರಿ. ಅಂಕ ಎಷ್ಟಾದರೂ ಬರಲಿ. ಮಾರನೇ ದಿನ ತಪ್ಪಾದ ಪ್ರತಿ ಪ್ರಶ್ನೆಯನ್ನೂ ಗಡಿಯಾರ ಇಲ್ಲದೆ ಮತ್ತೆ ಮಾಡಿ, ಮೇಲೆ ಹೇಳಿದ ಯಾವ ಕಷ್ಟದಿಂದ ತಪ್ಪಾಯಿತು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ಇಲ್ಲಿ ಬಂದು ಹೇಳಿ. ಕಾಯುತ್ತಿರುತ್ತೇನೆ.

ಬೆಸಸಂಖ್ಯೆ

ಇನ್ನೊಂದು ಕಡೆಯ ಮಾತನ್ನೂ ಯಾರಾದರೂ ಹೇಳಬೇಕು, ನಾನು ಹೇಳ್ತೀನಿ. ನನಗೆ ಗಣಿತ ಬರ್ತಿರಲಿಲ್ಲ. ಆದರೂ ಜಿಮ್ಯಾಟ್ ಬರೆದೆ, ಅದೇ ಸರಿಯಾಯ್ತು.

ನನ್ನ ಕಷ್ಟ ರೇಖಾಗಣಿತ. ಚಿತ್ರ ನೋಡಿದರೆ ಏನೂ ಹೊಳೆಯೋದಿಲ್ಲ. ಜಿಆರ್‌ಇಯಲ್ಲಿ ತ್ರಿಭುಜ, ವೃತ್ತ, ಘನಾಕೃತಿ ಎಲ್ಲಾ ಇವೆ. ಅದರ ಮೇಲೆ ಚಿತ್ರಗಳು ಅಳತೆಗೆ ಸರಿಯಾಗಿ ಬರೆದಿರ್ತಾರೆ ಅಂತ ನಂಬೋ ಹಾಗೂ ಇಲ್ಲ. ಕಣ್ಣಿಗೆ ಲಂಬಕೋನದ ಹಾಗೆ ಕಂಡಿದ್ದು ಲಂಬಕೋನ ಆಗಿರಲೇಬೇಕು ಅಂತಿಲ್ಲ. ಜಿಮ್ಯಾಟ್ ಕ್ವಾಂಟ್‌ನಲ್ಲಿ ಈಗ ಅಂಕಗಣಿತ, ಬೀಜಗಣಿತ ಮಾತ್ರ. ತ್ರಿಕೋನಮಿತಿ, ಕ್ಯಾಲ್ಕುಲಸ್ ಎರಡು ಪರೀಕ್ಷೆಯಲ್ಲೂ ಇಲ್ಲ, ಆ ಭಯ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಇನ್ನು ಡೇಟಾ ಇನ್‌ಸೈಟ್ಸ್. ಎಲ್ಲರೂ ಇದಕ್ಕೆ ಹೆದರ್ತಾರೆ, ಆದರೆ ಅರ್ಧವಿರಾಮ ಅವರು ಮಾಡ್ತಿರೋ ಕೆಲಸವೇ ಅದು. ಕೋಷ್ಟಕ ನೋಡಿ ಯಾವ ಮಾತು ನಿಜ ಅಂತ ಹೇಳೋದು, ನಕ್ಷೆ ಓದೋದು, ಮೂರು ಕಡೆಯ ಮಾಹಿತಿ ಒಟ್ಟಿಗೆ ಇಟ್ಟು ನೋಡೋದು. 45 ನಿಮಿಷ, 20 ಪ್ರಶ್ನೆ. ಅದರಲ್ಲೇ ಬರೋ ಒಂದು ಬಗೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಲೆಕ್ಕ ಮಾಡಿ ಅಂತ ಕೇಳೋದಿಲ್ಲ, ಲೆಕ್ಕ ಮಾಡೋಕೆ ಕೊಟ್ಟಿರೋ ಮಾಹಿತಿ ಸಾಕಾ ಅಂತ ಕೇಳ್ತಾರೆ. ಉದಾಹರಣೆಗೆ, ಎನ್ ಒಂದು ಪೂರ್ಣಾಂಕ, ಅದು ಸಮಸಂಖ್ಯೆಯಾ? ಮೊದಲ ಹೇಳಿಕೆ: ಎನ್‌ನ ಮೂರರಷ್ಟು ಸಮಸಂಖ್ಯೆ. ಎರಡನೇದು: ಎನ್‌ನ ವರ್ಗಕ್ಕೆ ಎನ್ ಕೂಡಿಸಿದರೆ ಸಮಸಂಖ್ಯೆ. ಮೊದಲನೆಯದು ಒಂದೇ ಸಾಕು, ಮೂರು ಬೆಸ, ಗುಣಲಬ್ಧ ಸಮ ಬರಬೇಕಾದರೆ ಎನ್ ಸಮ ಆಗಿರಲೇಬೇಕು. ಎರಡನೆಯದು ಕೇಳೋಕೆ ದೊಡ್ಡದಾಗಿದೆ, ಆದರೆ ಏನೂ ಹೇಳೋದಿಲ್ಲ. 3 ಹಾಕಿದರೆ 12, 4 ಹಾಕಿದರೆ 20, ಏನು ಹಾಕಿದರೂ ಸಮವೇ ಬರುತ್ತೆ. ಸಭೆಯಲ್ಲಿ ನಿಮ್ಮನ್ನು ಕೇಳಿದರಲ್ಲ, "ಯೋಜನೆಯಿಂದಲೇ ಅಂತ ಹೇಗೆ ಹೇಳ್ತೀರಿ" ಅಂತ, ಅದೂ ಇದೇ ಜಾತಿಯ ಪ್ರಶ್ನೆ. ಇರೋ ಮಾಹಿತಿ ಇಷ್ಟು ಹೇಳೋಕೆ ಸಾಕಾ?

ಒಂದು ಎಚ್ಚರಿಕೆ. ಈ ವಿಭಾಗದಲ್ಲಿ ಒಂದೇ ಕೋಷ್ಟಕಕ್ಕೆ ಮೂರು ಹೌದು-ಅಲ್ಲ ಹೇಳಿಕೆ ಕೊಟ್ಟರೆ ಮೂರೂ ಸರಿಯಾಗಬೇಕು. ಎರಡು ಸರಿ ಮಾಡಿದರೆ ಅರ್ಧ ಅಂಕ ಅಂತೆಲ್ಲ ಇಲ್ಲ.

ಮತ್ತೆ, ಜಿಮ್ಯಾಟ್‌ನ ಒಟ್ಟು ಅಂಕ 205ರಿಂದ 805. ಕ್ವಾಂಟ್, ವರ್ಬಲ್ (ಇಂಗ್ಲಿಷ್ ಭಾಷೆಯ ವಿಭಾಗ), ಡೇಟಾ ಇನ್‌ಸೈಟ್ಸ್ ಮೂರಕ್ಕೂ ಸಮಪಾಲು. ಕ್ವಾಂಟ್ ಕೈಕೊಟ್ಟರೂ ಬೇರೆ ಎರಡು ಎತ್ತಿ ಹಿಡಿಯುತ್ತವೆ. ಜಿಆರ್‌ಇಯಲ್ಲಿ ಗಣಿತ, ವರ್ಬಲ್ ಎರಡು ಪ್ರತ್ಯೇಕ ಅಂಕ, 130ರಿಂದ 170. ಗಣಿತದ ಅಂಕ ಒಂಟಿಯಾಗಿ ಎದ್ದು ಕಾಣುತ್ತೆ. ಜಿಮ್ಯಾಟ್‌ನ ಮೂರು ವಿಭಾಗಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು ಅನ್ನೋದೂ ದೊಡ್ಡ ಅನುಕೂಲ. ನಾನು ವರ್ಬಲ್ ಮೊದಲು ಇಟ್ಟುಕೊಂಡೆ, ಕೈ ಪಳಗಿದ ಮೇಲೆ ಕ್ವಾಂಟ್‌ಗೆ ಹೋದೆ.

ಹಳೇ ಸ್ಲೇಟು

ಬೆಸಸಂಖ್ಯೆ ಅವರು ಸಭೆಯ ಪ್ರಶ್ನೆಯನ್ನು ಜೋಡಿಸಿದ್ದು ಬಹಳ ಚೆನ್ನಾಗಿದೆ. ಅದನ್ನು ಪೂರ್ತಿ ಒಪ್ಪುತ್ತೇನೆ. ಸಮಪಾಲಿನ ಬಗ್ಗೆ ಒಂದು ಮಾತು ಮಾತ್ರ: ಕಾಲೇಜಿನವರಿಗೆ ವಿಭಾಗವಾರು ಅಂಕಗಳೂ ಹೋಗುತ್ತವೆ. ಅಂಕಿಅಂಶ, ಅರ್ಥಶಾಸ್ತ್ರ ಕಡ್ಡಾಯವಾಗಿರುವ ಕೋರ್ಸಿನವರು ಕ್ವಾಂಟ್ ಒಂದನ್ನೇ ಬೇರೆ ಮಾಡಿ ನೋಡದೆ ಇರುವುದಿಲ್ಲ. ಮರೆಯಲ್ಲಿಡಬಹುದು ಅನ್ನುವ ಭರವಸೆಯಲ್ಲಿ ಜಿಮ್ಯಾಟ್ ಆರಿಸಿಕೊಳ್ಳುವುದು ಬೇಡ.

ಅರ್ಧವಿರಾಮ

ಮೂರು ವಾರ ಕಳೆದು ಬಂದಿದ್ದೇನೆ. ಹೇಳಿದ ಹಾಗೆಯೇ ಎರಡೂ ಬರೆದೆ. ಬಾಗಿಲು ಹಾಕಿಕೊಂಡು, ಫೋನು ಬೇರೆ ಕೋಣೆಯಲ್ಲಿಟ್ಟು.

ಜಿಆರ್‌ಇ ಮಾದರಿಯಲ್ಲಿ ವರ್ಬಲ್ 161, ಗಣಿತ 146. ಗಣಿತದ 27 ಪ್ರಶ್ನೆಗಳಲ್ಲಿ 16 ತಪ್ಪು. ಮಾರನೇ ದಿನ ಹದಿನಾರನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದು, ಪುಟದ ಮಧ್ಯೆ ಗೆರೆ ಎಳೆದು, ಎಡಕ್ಕೆ ನಾನು ಮಾಡಿದ್ದು, ಬಲಕ್ಕೆ ಯಾಕೆ ತಪ್ಪಾಯಿತು ಅಂತ ಬರೆದೆ. ಏಳು ಪ್ರಶ್ನೆಗಳಲ್ಲಿ ನಿಯಮವೇ ಮರೆತಿತ್ತು. ಒಂದೇ ಸಂಖ್ಯೆಯ ಘಾತಗಳನ್ನು ಗುಣಿಸುವಾಗ ಘಾತಾಂಕಗಳನ್ನು ಕೂಡಿಸಬೇಕು ಅನ್ನುವುದು, ವೃತ್ತದ ಪರಿಧಿ, ಮಧ್ಯಾಂಕಕ್ಕೂ ಸರಾಸರಿಗೂ ಇರುವ ವ್ಯತ್ಯಾಸ, ಇಂಥವು. ನಾಲ್ಕರಲ್ಲಿ ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೆ. ಮೂರರಲ್ಲಿ ಸಮಯ ಸಾಲಲಿಲ್ಲ. ಇನ್ನೆರಡು ಏನು ಮಾಡಿದರೂ ಅರ್ಥವಾಗಲಿಲ್ಲ.

ಆ ನಾಲ್ಕು ನನ್ನನ್ನು ಅಲುಗಾಡಿಸಿಬಿಟ್ಟವು. ಓದುವುದೇ ನನ್ನ ಕಸುಬು. ಒಂದು ಪ್ರಶ್ನೆಯಲ್ಲಿ "ಕನಿಷ್ಠ ಒಂದು" ಅಂತಿತ್ತು, ನಾನು "ಒಂದೇ ಒಂದು" ಅಂತ ಓದಿಕೊಂಡಿದ್ದೆ. ಇನ್ನೊಂದರಲ್ಲಿ ಉಳಿದವರ ಸಂಖ್ಯೆ ಕೇಳಿದ್ದರು, ನಾನು ಹೋದವರ ಸಂಖ್ಯೆ ಕೊಟ್ಟು ಬಂದಿದ್ದೆ. ಇದೇ ವಾಕ್ಯ ಯಾರದ್ದಾದರೂ ವರದಿಯಲ್ಲಿ ಇದ್ದಿದ್ದರೆ ಪೆನ್ಸಿಲ್ ಹಿಡಿದು ನಿಲ್ಲಿಸುತ್ತಿದ್ದೆ. ಅಂಕಿ ಕಂಡ ತಕ್ಷಣ ನಾನು ಓದುವುದನ್ನೇ ನಿಲ್ಲಿಸಿ ಅಂಕಿಗಳನ್ನು ಮಾತ್ರ ಹೆಕ್ಕಿಕೊಂಡು ಓಡುತ್ತೇನೆ ಅಂತ ಅವತ್ತು ಗೊತ್ತಾಯಿತು. ಇಷ್ಟು ವರ್ಷ ಇದನ್ನೇ "ಗಣಿತ ಬರಲ್ಲ" ಅಂತ ಕರೆದುಕೊಂಡು ಬಂದಿದ್ದೆ.

ಜಿಮ್ಯಾಟ್‌ನಲ್ಲಿ ವಿಭಾಗಕ್ಕೆ 60ರಿಂದ 90 ಅಂಕ ಅಲ್ಲವಾ, ವರ್ಬಲ್ 82, ಡೇಟಾ ಇನ್‌ಸೈಟ್ಸ್ 71, ಕ್ವಾಂಟ್ 66. ಬೆಸಸಂಖ್ಯೆ ಅವರು ಹೇಳಿದ್ದು ನಿಜ, ಕೋಷ್ಟಕದ ಪ್ರಶ್ನೆಗಳಲ್ಲಿ ಮನೆಯಲ್ಲಿದ್ದಷ್ಟು ನಿರಾಳ. ಕ್ವಾಂಟ್‌ನಲ್ಲಿ ನಾಲ್ಕನೇ ಪ್ರಶ್ನೆಗೆ ಏಳು ನಿಮಿಷ ಕೊಟ್ಟೆ. ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ ಅನ್ನುವುದೇ ಕುತ್ತಿಗೆ ಹಿಡಿದ ಹಾಗಿತ್ತು. ಕ್ಯಾಲ್ಕುಲೇಟರ್ ಇಲ್ಲದೆ ಕೈಯಲ್ಲಿ ಭಾಗಿಸುವಾಗ ಎರಡು ಕಡೆ ಲೆಕ್ಕ ಜಾರಿತು.

ಪಟ್ಟಿಯನ್ನೂ ನೋಡಿದೆ. ಆರರಲ್ಲಿ ಒಂದು ಕೋರ್ಸು ಜಿಆರ್‌ಇ ಬಿಟ್ಟು ಬೇರೆ ಏನನ್ನೂ ಒಪ್ಪುವುದಿಲ್ಲ, ಅದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಕೋರ್ಸು. ಹಾಗಾಗಿ ಜಿಆರ್‌ಇ. ಡೇಟಾ ಇನ್‌ಸೈಟ್ಸ್ ಬಿಡುವುದಕ್ಕೆ ನಿಜವಾಗಿಯೂ ಬೇಸರವಾಯಿತು. ಈಗ ಓದುವುದು ಹೇಗೆ ಅಂತ ಹೇಳಿಕೊಡಿ.

ಹಳೇ ಸ್ಲೇಟು

ಏಳು ಪ್ರಶ್ನೆ ನಿಯಮ ಮರೆತು ತಪ್ಪಾಗಿವೆ ಅಂದರೆ ಅದು ಒಳ್ಳೆಯ ಸುದ್ದಿ. ಬೇಗ ವಾಸಿಯಾಗುವ ಕಷ್ಟ ಅದೊಂದೇ. ಇಟಿಎಸ್‌ನವರದ್ದೇ ಗಣಿತ ಪುನರಾವಲೋಕನದ ಪುಸ್ತಿಕೆ ಉಚಿತವಾಗಿ ಸಿಗುತ್ತದೆ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ, ನಾಲ್ಕೇ ಭಾಗ. ಪರೀಕ್ಷೆಯಲ್ಲಿ ಬರುವ ಗಣಿತ ಅಷ್ಟರೊಳಗೇ. ಅದನ್ನು ಮೊದಲು ಮುಗಿಸಿ. ಓದಿ ಮುಗಿಸುವುದಲ್ಲ, ಪ್ರತಿ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಪೆನ್ನಿನಲ್ಲಿ ಮಾಡಿ ಮುಗಿಸುವುದು. ಭಿನ್ನರಾಶಿ, ಶೇಕಡಾ, ಅನುಪಾತ ಈ ಮೂರರಲ್ಲಿ ಅವಸರ ಬೇಡ. ಮುಂದೆ ಬರುವ ಸಂಭವನೀಯತೆ, ನಕ್ಷೆ ಓದುವುದು ಎಲ್ಲವೂ ಇವುಗಳ ಮೇಲೇ ನಿಂತಿವೆ. ದಿನಕ್ಕೆ ಒಂದು ಗಂಟೆ, ರಜೆಯ ದಿನ ಮೂರು ಗಂಟೆ ಕೊಟ್ಟರೆ ನಾಲ್ಕು ತಿಂಗಳು ಸಾಕು. ಮೊದಲ ಎರಡು ತಿಂಗಳು ಗಡಿಯಾರ ಇಡಲೇಬೇಡಿ. ಕ್ಯಾಲ್ಕುಲೇಟರನ್ನೂ ಮುಟ್ಟಬೇಡಿ. ಹನ್ನೆರಡರವರೆಗೆ ಮಗ್ಗಿ, ಇಪ್ಪತ್ತರವರೆಗೆ ವರ್ಗಗಳು ಬಾಯಿಗೆ ಬರಲಿ. ಕೈ ಪಳಗಿದ ಮೇಲೆ ಕ್ಯಾಲ್ಕುಲೇಟರ್ ಯಾವಾಗ ಬೇಕು, ಯಾವಾಗ ಬೇಡ ಅಂತ ಕೈಗೇ ತಿಳಿಯುತ್ತದೆ.

ಆ ನಾಲ್ಕು ತಪ್ಪು ಓದುಗಳಿಗೆ ನನ್ನ ಹತ್ತಿರ ಒಂದು ಮದ್ದಿದೆ. ಲೆಕ್ಕ ಶುರು ಮಾಡುವ ಮೊದಲು ಕಚ್ಚಾ ಹಾಳೆಯ ಮೇಲೆ ಏನು ಕೇಳಿದ್ದಾರೆ ಅನ್ನುವುದನ್ನು ಎರಡೇ ಪದದಲ್ಲಿ ಕನ್ನಡದಲ್ಲಿ ಬರೆಯಿರಿ. "ಉಳಿದವರು ಎಷ್ಟು", "ಕನಿಷ್ಠ ಒಂದು", ಅಷ್ಟೇ. ಉತ್ತರ ಗುರುತು ಮಾಡುವ ಮೊದಲು ಆ ಎರಡು ಪದ ನೋಡಿ. ನಾಲ್ಕು ಸೆಕೆಂಡ್ ಹೋಗುತ್ತದೆ. ಭಾಷೆ ಬದಲಾಯಿಸಿದ ತಕ್ಷಣ ಓದಲೇಬೇಕಾಗುತ್ತದೆ, ಹಾರಿಸಿಕೊಂಡು ಹೋಗಲು ಆಗುವುದಿಲ್ಲ.

ಕಡಿಮೆ ಅಂಕ ಬಂದರೆ ಅರ್ಜಿ ನಿಲ್ಲುತ್ತದಾ ಅಂತ ಕೇಳಿದ್ದಿರಿ. ಎರಡು ವಿಭಾಗದ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ವರ್ಬಲ್‌ನಲ್ಲಿ 160 ಬಂದರೆ ಐದರಲ್ಲಿ ನಾಲ್ಕು ಜನರಿಗಿಂತ ಮುಂದೆ ಇದ್ದ ಹಾಗೆ. ಗಣಿತದಲ್ಲಿ ಅದೇ 160 ಬಂದರೆ ಹೆಚ್ಚುಕಡಿಮೆ ಸಾಲಿನ ನಡುವೆ. ಇಂಜಿನಿಯರಿಂಗ್, ಕಂಪ್ಯೂಟರ್ ಓದಿದವರು ಅಷ್ಟೊಂದು ಜನ ಬರೆಯುತ್ತಾರೆ, ಅದಕ್ಕೆ. ನೀವು ನೋಡಬೇಕಾದದ್ದು ನಿಮ್ಮ ಕೋರ್ಸಿಗೆ ಸೇರಿದವರ ಗಣಿತದ ಅಂಕ. ಎಷ್ಟೋ ಕೋರ್ಸುಗಳು ಸರಾಸರಿ ಅಥವಾ ಮಧ್ಯಾಂಕವನ್ನು ಪ್ರಕಟಿಸುತ್ತವೆ. ಅದರ ಹತ್ತಿರ ಹೋಗಲು ಆಗದಿದ್ದರೆ, ಅರ್ಜಿ ಹಾಕುವ ಮೊದಲು ಅಂಕಿಅಂಶ ಶಾಸ್ತ್ರದ ಒಂದು ಕೋರ್ಸು ಮಾಡಿ ಒಳ್ಳೆಯ ದರ್ಜೆ ತೋರಿಸಿ. ನಾನು ಹಾಗೇ ಮಾಡಿದೆ, ಸಂದರ್ಶನದಲ್ಲಿ ಅದರ ಬಗ್ಗೆಯೇ ಕೇಳಿದರು.

ಕಿಟಕಿ ಪಕ್ಕ

ಕೊನೆಯ ತಿಂಗಳಲ್ಲಿ ಅಭ್ಯಾಸವನ್ನೆಲ್ಲ ಪರದೆಯ ಮೇಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಿ. ಫೋನಿನದ್ದರ ಹಾಗೆ ಅಲ್ಲ ಅದು. ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ, ಆವರಣ, ಹೆಚ್ಚುಕಡಿಮೆ ಇಷ್ಟೇ. ಮೌಸ್‌ನಿಂದ ಒತ್ತುತ್ತಾ ಕೂತರೆ ನಿಧಾನ, ಕೀಬೋರ್ಡಿನಲ್ಲಿ ಅಂಕಿ ಹೊಡೆಯಿರಿ. ನಾವೇ ಉತ್ತರ ತುಂಬಬೇಕಾದ ಪ್ರಶ್ನೆಗಳಲ್ಲಿ, ಬಂದ ಉತ್ತರವನ್ನು ನೇರವಾಗಿ ಪೆಟ್ಟಿಗೆಗೆ ಕಳಿಸುವ ಗುಂಡಿಯೂ ಇದೆ. ಕಳಿಸುವ ಮುಂಚೆ ದಶಮಾಂಶ ಎಷ್ಟಕ್ಕೆ ಕೇಳಿದ್ದಾರೆ ಅಂತ ನೋಡಿಕೊಳ್ಳಿ.

ಅರ್ಧವಿರಾಮ

ನಾಲ್ಕೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿಯಿತು. ಪ್ರಶ್ನೆಗಳ ಬಗ್ಗೆ ಹೇಳುವ ಹಾಗಿಲ್ಲ, ಒಪ್ಪಿ ಸಹಿ ಮಾಡಿದ್ದೇನೆ. ಮುಗಿದ ಕೂಡಲೇ ಪರದೆಯ ಮೇಲೆ ಬಂದದ್ದು ವರ್ಬಲ್ 163, ಗಣಿತ 155.

ಮೊದಲ ಭಾಗದ 12ರಲ್ಲಿ ನಾಲ್ಕಕ್ಕೆ ಗುರುತು ಹಾಕಿ ಬಿಟ್ಟು ಹೋದೆ. ಉಳಿದ ಎಂಟು ಮುಗಿದಾಗ ಆರು ನಿಮಿಷ ಬಾಕಿ ಇತ್ತು. ವಾಪಸ್ ಬಂದು ಎರಡನ್ನು ಮಾಡಿದೆ, ಎರಡನ್ನು ಅಂದಾಜಿಗೆ ಹಾಕಿದೆ. ಕಚ್ಚಾ ಹಾಳೆಯ ತುಂಬ ಎರಡೆರಡು ಪದದ ಕನ್ನಡ. ಪರೀಕ್ಷಾ ಕೇಂದ್ರದವರು ಹಾಳೆಗಳನ್ನು ವಾಪಸ್ ತೆಗೆದುಕೊಳ್ಳುವಾಗ ಕೊಡಲು ಮನಸ್ಸೇ ಬರಲಿಲ್ಲ.

ನನಗಿಷ್ಟವಾದ ಕೋರ್ಸಿನಲ್ಲಿ ಹೋದ ಸಲ ಸೇರಿದವರ ಗಣಿತದ ಮಧ್ಯಾಂಕ 158 ಅಂತಿದೆ. ಮೂರು ಅಂಕ ದೂರ. ಮಧ್ಯಾಂಕ ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಕೆಳಗಿದ್ದೂ ಸೇರಿದ್ದಾರೆ ಅಂತ ಈಗ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇನ್ನೊಮ್ಮೆ ಬರೆಯುತ್ತೇನೆ. 21 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು, ಯಾವ ಸಲದ ಅಂಕ ಕಳಿಸಬೇಕು ಅನ್ನುವುದೂ ನಮ್ಮ ಕೈಯಲ್ಲೇ ಇದೆ. ಐದು ವಾರದ ನಂತರದ ದಿನಾಂಕ ತೆಗೆದುಕೊಂಡಿದ್ದೇನೆ. ನೋಟ್‌ಬುಕ್ಕಿನ ಬಲಗಡೆಯ ಸಾಲಿನಲ್ಲಿ "ತಪ್ಪಾಗಿ ಓದಿದ್ದು" ಅನ್ನುವುದು ಕೊನೆಯ ಮೂರು ಮಾದರಿ ಪರೀಕ್ಷೆಗಳಲ್ಲಿ ಒಂದೇ ಸಲ ಬಂದಿದೆ. ಹೆಚ್ಚು ಸಲ ಬಂದಿರುವುದು ಸಂಭವನೀಯತೆ. ಹಳೇ ಸ್ಲೇಟು ಅವರೇ, ಅದಕ್ಕೂ ನಿಮ್ಮ ಹತ್ತಿರ ಏನಾದರೂ ಮದ್ದು ಇದೆಯಾ? ಇವತ್ತು ಸಂಜೆ ಅಲ್ಲಿಂದಲೇ ಶುರು ಮಾಡುತ್ತಿದ್ದೇನೆ.

ಹಳೇ ಸ್ಲೇಟು

ಇದೆ. "ಕನಿಷ್ಠ ಒಂದು" ಅಂತ ಕೇಳಿದಾಗಲೆಲ್ಲ "ಒಂದೂ ಇಲ್ಲ" ಅನ್ನುವುದನ್ನು ಲೆಕ್ಕ ಹಾಕಿ ಒಂದರಿಂದ ಕಳೆಯಿರಿ. ನಾಣ್ಯ ಮೂರು ಸಲ ಚಿಮ್ಮಿದಾಗ ಕನಿಷ್ಠ ಒಂದು ಸಲ ತಲೆ ಬೀಳುವ ಸಂಭವ ಎಷ್ಟು? ಒಂದೂ ಬೀಳದಿರುವುದು ಎಂಟರಲ್ಲಿ ಒಂದು, ಹಾಗಾದರೆ ಉತ್ತರ ಎಂಟರಲ್ಲಿ ಏಳು. ಇವತ್ತು ಸಂಜೆ ಇಂಥವು ಹತ್ತು ಮಾಡಿ. ನಾಳೆ ಎಲ್ಲಿ ನಿಂತಿರಿ ಅಂತ ಬರೆಯಿರಿ, ಅಲ್ಲಿಂದ ಮುಂದಿನದು ನೋಡೋಣ.